ಸ್ಥಾಪಕಿ ಕುರ್ಚಿ ಬಿಟ್ಟ ಹದಿಮೂರು ತಿಂಗಳು: ಕೋಮೆನ್ ಓಟದ ಒಂದು ಪ್ರಕರಣ

2012ರ ಆಗಸ್ಟ್ 8ರಂದು ಅಮೆರಿಕದ ಡಾಲಸ್‌ನಿಂದ ಒಂದು ಪ್ರಕಟಣೆ ಹೊರಬಿತ್ತು. ಹೊರಡಿಸಿದ್ದು ಸೂಸನ್ ಜಿ. ಕೋಮೆನ್ ಸಂಸ್ಥೆ. ಸ್ತನ ಕ್ಯಾನ್ಸರ್‌ಗಾಗಿ 'ರೇಸ್ ಫಾರ್ ದ ಕ್ಯೂರ್' ಅನ್ನುವ ದೊಡ್ಡ ಓಟ ನಡೆಸುತ್ತಿದ್ದವರು ಇವರೇ. ಸ್ಥಾಪಕಿ ನಾನ್ಸಿ ಬ್ರಿಂಕರ್ ಸಿಇಒ ಹುದ್ದೆ ಬಿಡುತ್ತಾರೆ ಅನ್ನುವುದು ಸುದ್ದಿ.

ತಲೆಬರಹ ಓದಿದವರು ಅಂತೂ ಹೋದರು ಅಂದುಕೊಂಡರು. ಒಳಗೆ ಓದಿದರೆ ವಿಷಯ ಬೇರೆಯೇ ಇತ್ತು. ಹೊಸಬರು ಸಿಗುವವರೆಗೆ ಅವರೇ ಸಿಇಒ. ಹೊಸಬರು ಬಂದ ಮೇಲೆ ಅವರು ಆಡಳಿತ ಮಂಡಳಿಯ ಕಾರ್ಯಕಾರಿ ಸಮಿತಿಗೆ ಅಧ್ಯಕ್ಷೆ. ದುಡ್ಡು ಎತ್ತುವ ಕೆಲಸ ಮತ್ತು ಮುಂದಿನ ಯೋಜನೆ ನೋಡಿಕೊಳ್ಳುತ್ತಾರೆ. ಅದೇ ಪ್ರಕಟಣೆಯಲ್ಲಿ ಇನ್ನೂ ಮೂವರ ಹೆಸರಿತ್ತು. ಪ್ರೆಸಿಡೆಂಟ್ ಆಗಿದ್ದ ಲಿಜ್ ಥಾಂಪ್ಸನ್ ಮುಂದಿನ ತಿಂಗಳು ಹೊರಡುತ್ತಾರೆ, ಮಂಡಳಿಯ ಇಬ್ಬರು ಸದಸ್ಯರೂ ಬಿಡುತ್ತಾರೆ ಅಂತ. ಅಂದರೆ ನಿಜವಾಗಿ ಮನೆ ಬಿಟ್ಟು ಹೊರಟವರು ಈ ಮೂವರು. ಯಾರ ಹೆಸರಲ್ಲಿ ಸುದ್ದಿಯಾಯಿತೋ ಅವರು ಉಳಿದರು.

ಈ ಪ್ರಕರಣವನ್ನು ಕನ್ನಡದಲ್ಲಿ ಬರೆಯುವುದಕ್ಕೆ ಒಂದು ಕಾರಣ ಇದೆ. ಬೆಂಗಳೂರಿನಲ್ಲಿ ಈಗ ಓಟಗಳಿಗೇನೂ ಬರ ಇಲ್ಲ. 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆಯಲ್ಲಿ ಓಡುವವರು ತಮಗೆ ಬೇಕಾದ ಎನ್‌ಜಿಒಗೆ ದುಡ್ಡು ಎತ್ತುತ್ತಾರೆ. ಹೆಂಗಸರಿಗಾಗಿಯೇ ಪಿಂಕಥಾನ್ ನಡೆದಿದೆ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್ ಕಡೆ ಹೋದರೆ ಕಿಡ್ನಿಗೆ, ಹೃದಯಕ್ಕೆ, ಮಕ್ಕಳ ಕ್ಯಾನ್ಸರ್‌ಗೆ ಅಂತ ಟೀ ಶರ್ಟ್ ಹಾಕಿಕೊಂಡವರು ಒಬ್ಬರಲ್ಲ ಒಬ್ಬರು ಕಾಣುತ್ತಾರೆ. ಹೆಚ್ಚಿನ ಓಟಗಳ ಹಿಂದೆ ಒಬ್ಬರೇ ಒಬ್ಬರು ಇರುತ್ತಾರೆ. ಮನೆಯಲ್ಲಿ ಯಾರನ್ನೋ ಕಳೆದುಕೊಂಡವರು, ಅಥವಾ ತಾವೇ ಕಾಯಿಲೆಯಿಂದ ಎದ್ದು ಬಂದವರು. ಓಟ ಶುರು ಮಾಡುವುದು ಹೇಗೆ ಅಂತ ಹೇಳುವವರು ಸಾಕಷ್ಟಿದ್ದಾರೆ. ಬಿಡುವುದು ಹೇಗೆ ಅಂತ ಯಾರೂ ಕೂತು ಮಾತಾಡಿದ್ದು ಕಾಣೆ.

ಅಕ್ಕನಿಗೆ ಕೊಟ್ಟ ಮಾತು

ಸೂಸನ್ ಮತ್ತು ನಾನ್ಸಿ ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನ ಅಕ್ಕತಂಗಿಯರು. ಸೂಸನ್‌ಗೆ 1977ರಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. 1980ರಲ್ಲಿ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಈ ಕಾಯಿಲೆಗೆ ಏನಾದರೂ ಮಾಡುತ್ತೇನೆ ಅಂತ ನಾನ್ಸಿ ಅಕ್ಕನಿಗೆ ಮಾತು ಕೊಟ್ಟಿದ್ದರು. 1982ರಲ್ಲಿ ಸಂಸ್ಥೆ ಶುರು ಮಾಡಿದಾಗ ಕೈಯಲ್ಲಿದ್ದದ್ದು 200 ಡಾಲರ್ ಮತ್ತು ಒಂದು ಶೂ ಡಬ್ಬದ ತುಂಬ ಪರಿಚಯದವರ ಹೆಸರುಗಳು. ಸಂಸ್ಥೆಯವರು ಈ ಕಥೆಯನ್ನು ಎಲ್ಲ ಕಡೆ ಹೇಳುತ್ತಿದ್ದರು. ಮುಂದೆ ಆದದ್ದಕ್ಕೂ ಈ ಕಥೆಗೂ ಸಂಬಂಧ ಇದೆ, ಅದಕ್ಕೇ ಇಲ್ಲಿ ಹೇಳಿದ್ದು.

ಆ ಕಾಲದಲ್ಲಿ ಸ್ತನ ಅನ್ನುವ ಪದವನ್ನು ಜೋರಾಗಿ ಹೇಳಲೂ ಜನ ಹಿಂಜರಿಯುತ್ತಿದ್ದರು. ಅಮೆರಿಕದಲ್ಲೂ ಅಷ್ಟೇ. 1983ರಲ್ಲಿ ಡಾಲಸ್‌ನಲ್ಲಿ ಮೊದಲ ಓಟ ನಡೆದಾಗ ಬಂದವರು 800 ಜನ. ಮರುವರ್ಷ ನಾನ್ಸಿಗೇ ಸ್ತನ ಕ್ಯಾನ್ಸರ್ ಬಂತು, ಗುಣವೂ ಆಯಿತು. ಅವರ ಗಂಡ ನಾರ್ಮನ್ ಬ್ರಿಂಕರ್ ರೆಸ್ಟೋರೆಂಟ್ ವ್ಯಾಪಾರದಲ್ಲಿ ದೊಡ್ಡ ಹೆಸರು. ಒಂದು ಬ್ರ್ಯಾಂಡನ್ನು ಊರೂರಿಗೆ ಹೇಗೆ ಹರಡಬೇಕು ಅನ್ನುವುದು ಆ ಮನೆಯಲ್ಲಿ ದಿನದ ಮಾತು. ಓಟವೂ ಹಾಗೆಯೇ ಹರಡಿತು. 1991ರಲ್ಲಿ ನ್ಯೂಯಾರ್ಕ್ ಓಟದಲ್ಲಿ ಪಿಂಕ್ ರಿಬ್ಬನ್ ಹಂಚಿದರು. 2012ರ ಹೊತ್ತಿಗೆ ಊರೂರಿನಲ್ಲಿ 120ರ ಆಸುಪಾಸು ಘಟಕಗಳಿದ್ದವು. ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ ಜನ ಓಡುತ್ತಿದ್ದರು, ನಡೆಯುತ್ತಿದ್ದರು.

ಈ ಘಟಕಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದೊಂದು ಘಟಕವೂ ಬೇರೆಯೇ ನೋಂದಣಿ ಇರುವ ಸಂಸ್ಥೆ. ಅದಕ್ಕೆ ಅದರದ್ದೇ ಮಂಡಳಿ, ಅದರದ್ದೇ ಲೆಕ್ಕಪತ್ರ. ಹೆಸರು, ರಿಬ್ಬನ್, ಬಣ್ಣ ಮಾತ್ರ ಡಾಲಸ್‌ನ ಕೇಂದ್ರ ಕಚೇರಿಯದ್ದು. ಓಟದಲ್ಲಿ ಖರ್ಚು ಕಳೆದು ಉಳಿದ ದುಡ್ಡಿನಲ್ಲಿ ಶೇ 75ರವರೆಗೆ ಆಯಾ ಊರಿನಲ್ಲೇ ಉಳಿಯುತ್ತಿತ್ತು. ಇನ್ಶೂರೆನ್ಸ್ ಇಲ್ಲದ ಹೆಂಗಸರ ತಪಾಸಣೆಗೆ, ಚಿಕಿತ್ಸೆಗೆ ಬರುವವರ ಓಡಾಟಕ್ಕೆ, ತಿಳಿವಳಿಕೆ ಕೊಡುವುದಕ್ಕೆ. ಬಾಕಿ ಶೇ 25 ಸಂಶೋಧನೆಗೆ ಹೋಗುತ್ತಿತ್ತು.

ಓಟಕ್ಕೆ ಬಂದವರಿಗೆ ನಂಬರಿನ ಜೊತೆ ಇನ್ನೊಂದು ಪಿಂಕ್ ಕಾಗದ ಕೊಡುತ್ತಿದ್ದರು. ಬೆನ್ನಿಗೆ ಪಿನ್ ಮಾಡಿಕೊಳ್ಳುವುದಕ್ಕೆ. 'ಇವರ ನೆನಪಿಗೆ' ಅಥವಾ 'ಇವರು ಗೆದ್ದ ಖುಷಿಗೆ' ಅಂತ ಅದರ ಮೇಲೆ ಅಚ್ಚಾಗಿರುತ್ತಿತ್ತು. ಕೆಳಗೆ ಜಾಗ ಖಾಲಿ. ಜನ ಸ್ಕೆಚ್ ಪೆನ್ನಿನಲ್ಲಿ ಅಮ್ಮ ಅಂತಲೋ ಯಾರದ್ದೋ ಹೆಸರನ್ನೋ ಬರೆದುಕೊಂಡು ಓಡುತ್ತಿದ್ದರು. ಕಾಯಿಲೆ ಗೆದ್ದವರಿಗೆ ಪಿಂಕ್ ಟೀ ಶರ್ಟ್, ಉಳಿದವರಿಗೆ ಬೇರೆ. ಹಾಗಾಗಿ ಗುಂಪಿನಲ್ಲಿ ಅವರು ತಟ್ಟನೆ ಕಾಣುತ್ತಿದ್ದರು. ಹೀಗೆ ಓಡಿದವರಿಗೆ ಇದು ನಾನ್ಸಿ ಬ್ರಿಂಕರ್ ಓಟ ಅಂತ ಅನಿಸಿರುವುದಿಲ್ಲ. ನಮ್ಮಮ್ಮನ ಓಟ ಅಂತಲೇ ಅನಿಸಿರುತ್ತದೆ. ಡಾಲಸ್ ಕಚೇರಿಯಲ್ಲಿ ಇದು ಅಕ್ಕನಿಗೆ ಕೊಟ್ಟ ಮಾತು. ಊರುಗಳಲ್ಲಿ ಇದು ಲಕ್ಷಗಟ್ಟಲೆ ಮನೆಗಳ ದುಃಖ. ಎರಡೂ ನಿಜ. ಜಗಳ ಬರುವ ದಿನದವರೆಗೆ ಈ ವ್ಯತ್ಯಾಸ ಯಾರಿಗೂ ಅಡ್ಡ ಬರಲಿಲ್ಲ.

ಮೊದಲೂ ಬಿಟ್ಟಿದ್ದರು

ಈ ಪ್ರಕರಣದಲ್ಲಿ ಜಾಸ್ತಿ ಜನ ಗಮನಿಸದ ಸಂಗತಿ ಒಂದಿದೆ. ನಾನ್ಸಿ ಬ್ರಿಂಕರ್ ಇಲ್ಲದೆಯೂ ಈ ಸಂಸ್ಥೆ ನಡೆದಿತ್ತು. 2001ರಿಂದ 2003ರವರೆಗೆ ಅವರು ಹಂಗೇರಿಯಲ್ಲಿ ಅಮೆರಿಕದ ರಾಯಭಾರಿ. 2007ರಿಂದ 2009ರ ಆರಂಭದವರೆಗೆ ಅಮೆರಿಕ ಸರ್ಕಾರದ ಶಿಷ್ಟಾಚಾರ ವಿಭಾಗದ ಮುಖ್ಯಸ್ಥೆ. ಆ ವರ್ಷಗಳಲ್ಲಿ ಓಟಗಳೇನೂ ನಿಲ್ಲಲಿಲ್ಲ. 2006ರಿಂದ ಹೊರಗಿನಿಂದ ಬಂದ ಒಬ್ಬ ಸಿಇಒ, ಹಾಲಾ ಮಾಡೆಲ್‌ಮಾಗ್, ಸಂಸ್ಥೆ ನಡೆಸಿದರು.

2009ರಲ್ಲಿ ಒಬಾಮಾ ಕೈಯಿಂದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಪಡೆದ ನಾನ್ಸಿ, ಅದೇ ವರ್ಷದ ಕೊನೆಗೆ ಸಿಇಒ ಆಗಿ ವಾಪಸ್ ಬಂದರು. ಆಗ ಯಾರೂ ಚಕಾರ ಎತ್ತಲಿಲ್ಲ. ಸ್ಥಾಪಕಿ ಮನೆಗೆ ಬಂದರೆ ಬಾಗಿಲು ಹಾಕುವವರು ಯಾರು? ನನ್ನ ಮಟ್ಟಿಗೆ ಪ್ರಕರಣ ಶುರುವಾಗುವುದು ಇಲ್ಲಿ, 2012ರಲ್ಲಲ್ಲ. ಮಂಡಳಿಯಲ್ಲಿ ಸ್ಥಾಪಕಿ ಇದ್ದರು, ಅವರ ಮಗನೂ ಇದ್ದರು. ಈಗ ದಿನದ ಕೆಲಸದ ಮುಖ್ಯಸ್ಥೆಯೂ ಅವರೇ. ಸಿಇಒ ತಪ್ಪು ಮಾಡಿದರೆ ಕೇಳಬೇಕಾದ್ದು ಮಂಡಳಿ. ಅದೇ ಮಂಡಳಿಯಲ್ಲಿ ಸಿಇಒ ಕೂತಿದ್ದಾರೆ, ಸಂಸ್ಥೆಗೆ ಇಟ್ಟಿರುವುದು ಅವರ ಅಕ್ಕನ ಹೆಸರು. 'ಮೇಡಂ, ಇದು ಬೇಡ' ಅಂತ ಹೇಳುವವರು ಯಾರು?

ನಾಲ್ಕು ದಿನ

2011ರ ಕೊನೆಯಲ್ಲಿ ಮಂಡಳಿ ಅನುದಾನದ ನಿಯಮ ಬದಲಿಸಿತು. ಸರ್ಕಾರದ ತನಿಖೆ ಎದುರಿಸುತ್ತಿರುವ ಸಂಸ್ಥೆಗಳಿಗೆ ಇನ್ನು ದುಡ್ಡಿಲ್ಲ ಅಂತ. ಆಗ ತನಿಖೆ ನಡೆಯುತ್ತಿದ್ದದ್ದು ಪ್ಲ್ಯಾನ್ಡ್ ಪೇರೆಂಟ್‌ಹುಡ್ ಮೇಲೆ. ಹೆಂಗಸರ ಆರೋಗ್ಯದ ಕ್ಲಿನಿಕ್‌ಗಳನ್ನು ನಡೆಸುವ ಸಂಸ್ಥೆ ಅದು, ಗರ್ಭಪಾತದ ಸೇವೆಯನ್ನೂ ಕೊಡುತ್ತದೆ. ಅಮೆರಿಕದ ರಾಜಕೀಯದಲ್ಲಿ ಗರ್ಭಪಾತ ಅಂದರೆ ಬೆಂಕಿ. ತನಿಖೆ ಶುರು ಮಾಡಿದ್ದವರು ರಿಪಬ್ಲಿಕನ್ ಪಕ್ಷದ ಸಂಸದ ಕ್ಲಿಫ್ ಸ್ಟರ್ನ್ಸ್. ಕೋಮೆನ್‌ನಲ್ಲಿ ಸಾರ್ವಜನಿಕ ನೀತಿ ನೋಡಿಕೊಳ್ಳುತ್ತಿದ್ದವರು ಕ್ಯಾರನ್ ಹ್ಯಾಂಡೆಲ್. ಜಾರ್ಜಿಯಾ ರಾಜ್ಯದ ಗವರ್ನರ್ ಚುನಾವಣೆಗೆ 2010ರಲ್ಲಿ ರಿಪಬ್ಲಿಕನ್ ಟಿಕೆಟ್ ಕೇಳಿ ಸೋತವರು.

ಮೊತ್ತ ದೊಡ್ಡದೇನಲ್ಲ. 2011ರಲ್ಲಿ ಪ್ಲ್ಯಾನ್ಡ್ ಪೇರೆಂಟ್‌ಹುಡ್‌ಗೆ ಹೋದದ್ದು ಸುಮಾರು 6.8 ಲಕ್ಷ ಡಾಲರ್. ಕೋಟಿಗಳಲ್ಲಿ ವ್ಯವಹರಿಸುವ ಸಂಸ್ಥೆಗೆ ಅದು ಚಿಲ್ಲರೆ. ಆದರೆ ಐದು ವರ್ಷಗಳಲ್ಲಿ ಆ ದುಡ್ಡಿನಿಂದ ಸುಮಾರು 1.7 ಲಕ್ಷ ಸ್ತನ ತಪಾಸಣೆ ನಡೆದಿತ್ತು, 6,400ಕ್ಕೂ ಹೆಚ್ಚು ಹೆಂಗಸರನ್ನು ಮ್ಯಾಮೊಗ್ರಾಮ್‌ಗೆ (ಸ್ತನದ ಎಕ್ಸ್‌ರೇ) ಕಳಿಸಿಕೊಡಲಾಗಿತ್ತು. ಅದರಲ್ಲಿ ಬಹುಪಾಲು ಊರಿನ ಘಟಕಗಳೇ ಆರಿಸಿ ಕೊಟ್ಟ ದುಡ್ಡು. ತಮ್ಮೂರಿನ ಬಡ ಹೆಂಗಸರು ಯಾವ ಕ್ಲಿನಿಕ್‌ಗೆ ಹೋಗುತ್ತಾರೆ ಅಂತ ಊರಿನವರಿಗೆ ಗೊತ್ತಿತ್ತು. ಡಾಲಸ್ ತೀರ್ಮಾನ ಮಾಡಿತು, ಡಿಸೆಂಬರ್‌ನಲ್ಲಿ ಘಟಕಗಳಿಗೆ ತಿಳಿಸಿತು. ಸಮುದಾಯ ಆರೋಗ್ಯದ ಅನುದಾನಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿ ಮಾಲಿ ವಿಲಿಯಮ್ಸ್ ಅದೇ ಹೊತ್ತಿಗೆ ಗದ್ದಲ ಮಾಡದೆ ಕೆಲಸ ಬಿಟ್ಟರು. ಮೊದಲ ರಾಜೀನಾಮೆ ಅದು. ಸುದ್ದಿಯಾಗಲಿಲ್ಲ.

2012ರ ಜನವರಿ 31, ಮಂಗಳವಾರ ಎಪಿ ಸುದ್ದಿಸಂಸ್ಥೆ ವಿಷಯ ಹೊರಹಾಕಿತು. ಬುಧವಾರ ನಾನ್ಸಿ ಒಂದು ವಿಡಿಯೊದಲ್ಲಿ ಮಾತಾಡಿದರು, ನಾವು ರಾಜಕೀಯ ಮಾಡಿಲ್ಲ ಅಂದರು. ಗುರುವಾರ ಟಿವಿಯಲ್ಲಿ ಪತ್ರಕರ್ತೆ ಆಂಡ್ರಿಯಾ ಮಿಚೆಲ್ ಮುಂದೆ ಕೂತರು. ಅಲ್ಲಿ ಕಾರಣವೇ ಬದಲಾಗಿತ್ತು. ಪ್ಲ್ಯಾನ್ಡ್ ಪೇರೆಂಟ್‌ಹುಡ್‌ನವರು ನೇರವಾಗಿ ಮ್ಯಾಮೊಗ್ರಾಮ್ ಮಾಡುವುದಿಲ್ಲ, ಬೇರೆಯವರ ಹತ್ತಿರ ಕಳಿಸುತ್ತಾರೆ, ನಾವು ನೇರ ಸೇವೆ ಕೊಡುವವರಿಗೆ ದುಡ್ಡು ಕೊಡಬೇಕು ಅಂತ. ಎರಡು ದಿನದಲ್ಲಿ ಎರಡು ಕಾರಣ. ಕೇಳಿದವರಿಗೆ ಎರಡರ ಮೇಲೂ ನಂಬಿಕೆ ಹೋಯಿತು. ಆಗಲೇ ತನಿಖೆಯಲ್ಲಿದ್ದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕೋಮೆನ್ ದುಡ್ಡು ಹೋಗುತ್ತಿದೆಯಲ್ಲ, ಅದಕ್ಕೆ ನಿಯಮ ಇಲ್ವಾ ಅಂತ ಪತ್ರಕರ್ತರು ಕೇಳಿದರು. ಸಮಾಧಾನ ಆಗುವಂಥ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಕನೆಕ್ಟಿಕಟ್ ಘಟಕ, ಕ್ಯಾಲಿಫೋರ್ನಿಯಾದ ಏಳೂ ಘಟಕಗಳು ಡಾಲಸ್ ತೀರ್ಮಾನ ಒಪ್ಪುವುದಿಲ್ಲ ಅಂತ ಬಹಿರಂಗವಾಗಿಯೇ ಹೇಳಿದವು. 26 ಸೆನೆಟರ್‌ಗಳು ಪತ್ರ ಬರೆದರು. ನ್ಯೂಯಾರ್ಕ್ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಪ್ಲ್ಯಾನ್ಡ್ ಪೇರೆಂಟ್‌ಹುಡ್‌ಗೆ 2.5 ಲಕ್ಷ ಡಾಲರ್ ಕೊಡುತ್ತೇನೆ ಅಂದರು. ಕೆಲವೇ ದಿನಗಳಲ್ಲಿ ಆ ಸಂಸ್ಥೆಗೆ ಸುಮಾರು 30 ಲಕ್ಷ ಡಾಲರ್ ಹರಿದು ಬಂತು. ಕಳೆದುಕೊಂಡದ್ದರ ನಾಲ್ಕು ಪಟ್ಟಿಗೂ ಜಾಸ್ತಿ.

ಫೆಬ್ರವರಿ 3, ಶುಕ್ರವಾರ ಕೋಮೆನ್ ಕ್ಷಮೆ ಕೇಳಿತು, ತೀರ್ಮಾನ ಹಿಂದೆ ತೆಗೆದುಕೊಂಡಿತು. ಈಗ ಇನ್ನೊಂದು ಕಡೆಯವರಿಗೆ ಸಿಟ್ಟು. ಗರ್ಭಪಾತ ವಿರೋಧಿಗಳು ಮಂಗಳವಾರ ಚಪ್ಪಾಳೆ ತಟ್ಟಿದ್ದರು, ಶುಕ್ರವಾರ ಬೈದರು. 7ನೇ ತಾರೀಕು ಹ್ಯಾಂಡೆಲ್ ರಾಜೀನಾಮೆ ಕೊಟ್ಟರು.

ಬಿಡಬೇಕಾದ ಹೊತ್ತು

ಫೆಬ್ರವರಿ 7ರಂದು ನಾನ್ಸಿ ಬ್ರಿಂಕರ್ ಎದುರು ಮೂರು ದಾರಿ ಇದ್ದವು ಅಂತ ನನಗೆ ಅನಿಸುತ್ತದೆ. ಒಂದು, ತಕ್ಷಣ ಬಿಡುವುದು. ಎರಡನೆಯದು, ಇಂಥ ದಿನ ಬಿಡುತ್ತೇನೆ ಅಂತ ತಾರೀಕು ಹೇಳಿ, ಅಲ್ಲಿಯವರೆಗೆ ಊರೂರು ಸುತ್ತಿ ಓಟ ನಡೆಸುವವರ ಬೈಗುಳ ಕೇಳುವುದು. ಕೊನೆಯದು, ಬಿಡದೆ ಕೂರುವುದು.

ಅವರು ಆರು ತಿಂಗಳು ಕೂತರು. ಅದು ಸಾಮಾನ್ಯ ಆರು ತಿಂಗಳಲ್ಲ. ಅಮೆರಿಕದಲ್ಲಿ ವಸಂತ ಬಂತೆಂದರೆ ಓಟಗಳ ಸೀಸನ್. ಊರೂರಿನ ಸಂಘಟಕರು ಅಂಗಡಿ ಅಂಗಡಿ ಹತ್ತಿ ಪ್ರಾಯೋಜಕರನ್ನು ಹಿಡಿಯುವ ಕಾಲ, ಆಫೀಸುಗಳಲ್ಲಿ ತಂಡ ಕಟ್ಟುವ ಕಾಲ. ಎದುರಿಗಿದ್ದವರ ಮೊದಲ ಪ್ರಶ್ನೆ ಒಂದೇ: ಅವರು ಇನ್ನೂ ಇದ್ದಾರಾ? ಡಾಲಸ್ ಕಚೇರಿ ಮಾಡಿದ್ದಕ್ಕೆ ಉತ್ತರ ಕೊಡಬೇಕಾದವರು ತೀರ್ಮಾನದ ದಿನ ಯಾರೂ ಕೇಳದೇ ಇದ್ದ ಈ ಸ್ವಯಂಸೇವಕರು. ಆ ವರ್ಷ ಅನೇಕ ಊರುಗಳಲ್ಲಿ ಓಡುವವರ ಸಂಖ್ಯೆ ಇಳಿಯಿತು. ವಾಷಿಂಗ್ಟನ್‌ನ ದೊಡ್ಡ ಓಟದಲ್ಲೂ ಜನ ಕಡಿಮೆಯಾದರು.

ಆಗಸ್ಟ್‌ನಲ್ಲಿ ಪ್ರಕಟಣೆ ಬಂದಾಗಲೂ ತಾರೀಕು ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ತಪ್ಪು ಇದು. ಹೊಸಬರು ಸಿಕ್ಕಿದ ಮೇಲೆ ಅನ್ನುವ ಮಾತು ಕೇಳಲು ಜವಾಬ್ದಾರಿಯ ಮಾತಿನ ಹಾಗಿದೆ. ಆದರೆ ಹೊಸಬರು ಬರುವುದು ಸುಲಭವೇ? ಯಾವ ಬುದ್ಧಿವಂತ ಅಭ್ಯರ್ಥಿಯೂ ಮೊದಲು ಕೇಳುವುದು, ಸ್ಥಾಪಕಿ ಎಲ್ಲಿ ಕೂರುತ್ತಾರೆ ಅಂತ. ಉತ್ತರ ಪ್ರಕಟಣೆಯಲ್ಲೇ ಇತ್ತು: ನಿಮ್ಮ ತಲೆ ಮೇಲಿನ ಸಮಿತಿಯ ಅಧ್ಯಕ್ಷೆಯಾಗಿ. ಅತ್ತೆ ಬೀಗದ ಕೈ ಕೊಟ್ಟರೂ ಅಡುಗೆ ಮನೆ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತ ಹಾಗೆ.

ಹುಡುಕಾಟ ಎಳೆಯಿತು. ಹೊಸ ಸಿಇಒ ಹೆಸರು ಹೊರಬಿದ್ದದ್ದು 2013ರ ಜೂನ್‌ನಲ್ಲಿ. ಡಾ. ಜುಡಿತ್ ಸಲೆರ್ನೊ, ವೈದ್ಯೆ, ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನಿಂದ ಬಂದವರು. ಕೆಲಸಕ್ಕೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಬಿಡುತ್ತೇನೆ ಅಂದ ದಿನದಿಂದ ಲೆಕ್ಕ ಹಾಕಿದರೆ ಹದಿಮೂರು ತಿಂಗಳು.

ಈ ಅವಧಿಯಲ್ಲಿ ಇನ್ನೊಂದು ಸುದ್ದಿ ಬಂತು. ಸಂಸ್ಥೆ ತೆರಿಗೆ ಇಲಾಖೆಗೆ ಕೊಟ್ಟ ಲೆಕ್ಕದ ಪ್ರಕಾರ ನಾನ್ಸಿ ಅವರ ವರ್ಷದ ಸಂಬಳ 6,84,717 ಡಾಲರ್. ಹಿಂದಿನದಕ್ಕಿಂತ ಶೇ 64 ಜಾಸ್ತಿ ಅಂತ ಪತ್ರಿಕೆಗಳು ಬರೆದವು. ಸಂಬಳ ಏರಿದ್ದು 2010ರ ನವೆಂಬರ್‌ನಲ್ಲಿ, ಗಲಾಟೆಗೆ ಮೊದಲೇ ಅಂತ ಸಂಸ್ಥೆ ಹೇಳಿತು. ಆ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅವರು ಫೆಬ್ರವರಿಯಲ್ಲೇ ಹೊರಟಿದ್ದರೆ ಇದು ಹಳೆಯ ಲೆಕ್ಕದ ಒಂದು ಸಾಲು, ಅಷ್ಟೆ. ಬಿಡುತ್ತೇನೆ ಅಂದು ಒಂಬತ್ತು ತಿಂಗಳಾದರೂ ಕೂತಿದ್ದರು ನೋಡಿ, ಅದಕ್ಕೇ ಅದು ಮುಖಪುಟದ ಸುದ್ದಿಯಾಯಿತು.

2013ರ ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷದಲ್ಲಿ ದೇಣಿಗೆ, ಪ್ರಾಯೋಜಕರ ದುಡ್ಡು, ಓಟದ ಶುಲ್ಕ ಎಲ್ಲ ಸೇರಿ ಬಂದದ್ದು ಸುಮಾರು 27 ಕೋಟಿ ಡಾಲರ್. ಹಿಂದಿನ ವರ್ಷ 34.8 ಕೋಟಿ ಇತ್ತು. ಶೇ 22 ಇಳಿಕೆ. ಜೂನ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕೋಮೆನ್‌ನ 'ಥ್ರೀ ಡೇ' ನಡಿಗೆ ಅಂತ ಇದೆ. ಮೂರು ದಿನದಲ್ಲಿ 60 ಮೈಲಿ, ಅಂದರೆ 96 ಕಿಲೋಮೀಟರ್ ನಡೆಯಬೇಕು. ಒಬ್ಬೊಬ್ಬರೂ ಕನಿಷ್ಠ 2,300 ಡಾಲರ್ ಎತ್ತಬೇಕು. 14 ಊರುಗಳಲ್ಲಿ ನಡೆಯುತ್ತಿದ್ದ ಇದನ್ನು ಮುಂದಿನ ವರ್ಷದಿಂದ ಏಳು ಊರುಗಳಲ್ಲಿ ನಿಲ್ಲಿಸುವುದಾಗಿ ಹೇಳಿದರು.

ಇದಕ್ಕೆಲ್ಲ ನಾನ್ಸಿ ಒಬ್ಬರೇ ಕಾರಣ ಅನ್ನುವುದು ನ್ಯಾಯವಲ್ಲ. ಆಗ ಅಮೆರಿಕದಲ್ಲಿ ಕೈ ಬಿಗಿಯಿತ್ತು, ಓಟಗಳೂ ಜಾಸ್ತಿಯಾಗಿದ್ದವು. ಪಿಂಕ್ ಬಣ್ಣದ ಬಗ್ಗೆಯೇ ಜನಕ್ಕೆ ಬೇಸರ ಹತ್ತಿತ್ತು. 2010ರಲ್ಲಿ ಕೆಎಫ್‌ಸಿ ಜೊತೆ ಸೇರಿ ಪಿಂಕ್ ಬಕೆಟ್‌ನಲ್ಲಿ ಕರಿದ ಕೋಳಿ ಮಾರಿಸಿದ್ದಕ್ಕೆ ಕೋಮೆನ್ ನಗೆಪಾಟಲಾಗಿತ್ತು. ಮೊದಲೇ ಬಿರುಕು ಇದ್ದದ್ದು ನಿಜ. ಆದರೂ ನಂಬಿಕೆ ಹೋದ ಮೇಲೆ ಅದನ್ನು ವಾಪಸ್ ತರುವ ಕೆಲಸ ಹೊಸ ಮುಖದಿಂದ ಶುರುವಾಗಬೇಕಿತ್ತು. ಆ ಮುಖ ಬರುವಷ್ಟರಲ್ಲಿ ಎರಡು ವಸಂತದ ಓಟಗಳು ಮುಗಿದಿದ್ದವು.

ಅದೇ ವರ್ಷ, ಇನ್ನೊಂದು ಕುರ್ಚಿ

ಹೋಲಿಸಿ ನೋಡಲು ಅದೇ 2012ರಲ್ಲಿ ಇನ್ನೊಂದು ರಾಜೀನಾಮೆ ಸಿಗುತ್ತದೆ. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1997ರಲ್ಲಿ ಕ್ಯಾನ್ಸರ್ ಪ್ರತಿಷ್ಠಾನ ಶುರು ಮಾಡಿದ್ದರು. ಹಳದಿ ರಬ್ಬರ್ ಬಳೆ ನೆನಪಿದೆ ಅಲ್ವಾ? ಬೆಂಗಳೂರಿನ ಕಾಲೇಜು ಹುಡುಗರ ಕೈಯಲ್ಲೂ ಇರುತ್ತಿತ್ತು. ಅಕ್ಟೋಬರ್ 10ರಂದು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಅವರ ಮೇಲಿನ ಸಾಕ್ಷ್ಯವನ್ನು ಬಹಿರಂಗ ಮಾಡಿತು. ಒಂದೇ ವಾರ. 17ಕ್ಕೆ ಅವರು ಅಧ್ಯಕ್ಷ ಸ್ಥಾನ ಬಿಟ್ಟರು. ನವೆಂಬರ್‌ನಲ್ಲಿ ಮಂಡಳಿಯಿಂದಲೂ ಹೊರಗೆ ಬಂದರು. ಸಂಸ್ಥೆ ತನ್ನ ಹೆಸರಿನಿಂದ ಅವರ ಹೆಸರು ತೆಗೆದು ಲಿವ್‌ಸ್ಟ್ರಾಂಗ್ ಫೌಂಡೇಷನ್ ಆಯಿತು.

ಆರ್ಮ್‌ಸ್ಟ್ರಾಂಗ್ ಮಾಡಿದ್ದು ನಾನ್ಸಿ ಮಾಡಿದ್ದಕ್ಕಿಂತ ಎಷ್ಟೋ ಕೆಟ್ಟದ್ದು. ನಾನ್ಸಿ ಮೋಸ ಮಾಡಲಿಲ್ಲ, ತಪ್ಪು ತೀರ್ಮಾನ ಮಾಡಿದರು. ಆದರೆ ಹೊರಡುವ ವಿಷಯದಲ್ಲಿ ಆರ್ಮ್‌ಸ್ಟ್ರಾಂಗ್ ಸಂಸ್ಥೆ ಚುರುಕಾಗಿತ್ತು. ಅದರಿಂದ ಅವರ ದುಡ್ಡೇನೂ ಉಳಿಯಲಿಲ್ಲ, ಅಲ್ಲೂ ದೇಣಿಗೆ ಕುಸಿಯಿತು. ಉಳಿದದ್ದು ಇಷ್ಟೇ: ಆಮೇಲೆ ಅಲ್ಲಿ ಕೆಲಸ ಮಾಡುವವರು ದಿನಾ ಅದೇ ಪ್ರಶ್ನೆಗೆ ಉತ್ತರ ಕೊಡಬೇಕಾಗಲಿಲ್ಲ.

ಕೆನಡಾದ ಟೆರಿ ಫಾಕ್ಸ್ ಓಟದ ಕಥೆ ಪೂರ್ತಿ ಬೇರೆ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಹುಡುಗ ಟೆರಿ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಎತ್ತಲು 143 ದಿನದಲ್ಲಿ 5,373 ಕಿಲೋಮೀಟರ್ ಓಡಿ, 1980ರ ಸೆಪ್ಟೆಂಬರ್ 1ರಂದು ನಿಲ್ಲಿಸಬೇಕಾಯಿತು. 1981ರ ಜೂನ್‌ನಲ್ಲಿ ತೀರಿಕೊಂಡ. ಅವನ ಹೆಸರಿನ ಮೊದಲ ಓಟ ನಡೆದದ್ದು ಅದಾದ ಮೇಲೆ, ಸೆಪ್ಟೆಂಬರ್‌ನಲ್ಲಿ. ಶುರುವಿನಿಂದಲೇ ನಾಯಕ ಇಲ್ಲದ ಓಟ ಅದು. ಹಾಗಾಗಿ ನಿಯಮಗಳನ್ನು ಗಟ್ಟಿ ಮಾಡಿಕೊಂಡರು. ಸ್ಪರ್ಧೆ ಇಲ್ಲ, ಪ್ರವೇಶ ಶುಲ್ಕ ಇಲ್ಲ, ಕಂಪನಿಗಳ ಜಾಹೀರಾತು ಇಲ್ಲ. ಅವನ ತಾಯಿ ಬೆಟ್ಟಿ ಫಾಕ್ಸ್ ದಶಕಗಳ ಕಾಲ ಅದಕ್ಕೆ ಕಾವಲಾಗಿದ್ದರು. 2011ರ ಜೂನ್‌ನಲ್ಲಿ ಅವರೂ ಹೋದರು. ಆ ಸೆಪ್ಟೆಂಬರ್‌ನಲ್ಲೂ ಓಟ ನಡೆಯಿತು.

ನಮ್ಮ ಟ್ರಸ್ಟ್ ಡೀಡುಗಳು

ನಮ್ಮಲ್ಲಿ ಇಂಥ ಕೆಲಸಕ್ಕೆ ಹೆಚ್ಚಾಗಿ ಮಾಡುವುದು ಟ್ರಸ್ಟ್. ಡೀಡ್ ಬರೆಸುವಾಗ ಸ್ಥಾಪಕರನ್ನು ಆಜೀವ ಟ್ರಸ್ಟಿ ಅಂತ ಹಾಕುವುದು ವಾಡಿಕೆ. ಮ್ಯಾನೇಜಿಂಗ್ ಟ್ರಸ್ಟಿಯೂ ಅವರೇ. ಉಳಿದ ಟ್ರಸ್ಟಿಗಳು ಹೆಂಡತಿ, ತಮ್ಮ, ಒಬ್ಬ ಸ್ನೇಹಿತ. ಅವಧಿ ಅನ್ನುವ ಕಾಲಮ್ಮೇ ಇರುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು. ಅಲ್ಲಿ ಕೊನೇಪಕ್ಷ ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ಟ್ರಸ್ಟ್‌ನಲ್ಲಿ ಆ ತಾಪತ್ರಯ ಇಲ್ಲ ಅಂತಲೇ ಎಷ್ಟೋ ಜನ ಟ್ರಸ್ಟ್ ಮಾಡುತ್ತಾರೆ. ಆಡಿಟರ್ ಕೂಡ ಅದನ್ನೇ ಸಲಹೆ ಕೊಡುತ್ತಾರೆ!

ಇಂಥ ಓಟದ ಮುಂದಾಳು ಬಿಡಬೇಕಾದಾಗ ಕೈ ಕಟ್ಟುವುದು ಅಧಿಕಾರದ ಆಸೆಯೇ ಆಗಬೇಕಿಲ್ಲ. ಪೊಲೀಸ್ ಅನುಮತಿಗೆ ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿರುವುದು ಅವರಿಗೆ. ಆಂಬುಲೆನ್ಸ್ ಕೊಡುವ ಆಸ್ಪತ್ರೆಯವರ ಫೋನ್ ನಂಬರ್ ಅವರ ಮೊಬೈಲ್‌ನಲ್ಲಿ. ಪ್ರಾಯೋಜಕ ಕಂಪನಿಯ ಮ್ಯಾನೇಜರ್ ಅವರ ಕ್ಲಾಸ್‌ಮೇಟ್. ಬ್ಯಾಂಕ್ ಚೆಕ್ಕಿಗೆ ಅವರ ಸಹಿ ಬೇಕು. ಜೊತೆಗೆ ತೀರಿಕೊಂಡವರ ಫೋಟೊ ಬ್ಯಾನರ್ ಮೇಲಿದೆ. ಅದನ್ನು ಬಿಟ್ಟು ಬರುವುದೆಂದರೆ ಸತ್ತವರಿಗೆ ಕೊಟ್ಟ ಮಾತು ತಪ್ಪಿದ ಹಾಗೆ ಅನಿಸುತ್ತದೆ. ನಾನ್ಸಿಗೂ ಹಾಗೇ ಅನಿಸಿರಬಹುದು ಅಂತ ನನ್ನ ಊಹೆ. ಅಕ್ಕನಿಗೆ ಕೊಟ್ಟ ಮಾತು ಸಂಸ್ಥೆಯ ಬಂಡವಾಳವಾದಾಗ, ಕುರ್ಚಿ ಬಿಡುವುದೂ ಅಕ್ಕನನ್ನು ಬಿಡುವುದೂ ಒಂದೇ ಆಗಿಬಿಡುತ್ತದೆ.

ಅದಕ್ಕೇ ಬಿಡುವ ಮಾತನ್ನು ಎಲ್ಲ ಸರಿ ಇದ್ದಾಗ ಬರೆದಿಡಬೇಕು. ಕೋಮೆನ್‌ಗೆ ಆ ಅವಕಾಶ 2009ರಲ್ಲಿತ್ತು. ಸ್ಥಾಪಕಿ ಸಿಇಒ ಆಗಿ ಬರಲಿ, ಆದರೆ ಮಂಡಳಿ ಬಿಟ್ಟು ಬರಲಿ ಅನ್ನಬಹುದಿತ್ತು. ಅಥವಾ ಇಷ್ಟು ವರ್ಷಕ್ಕೆ ಮಾತ್ರ ಅನ್ನಬಹುದಿತ್ತು. ಮಂಡಳಿಯಲ್ಲಿ ಊರಿನ ಘಟಕಗಳಿಗೆ ಇನ್ನಷ್ಟು ಜಾಗ ಕೊಟ್ಟಿದ್ದರೆ ಕ್ಯಾಲಿಫೋರ್ನಿಯಾದವರ ಬೇಡ ಅನ್ನುವ ಮಾತು ಫೆಬ್ರವರಿಯ ಪತ್ರಿಕೆಗಳಲ್ಲಿ ಬರುವ ಬದಲು ನಿಯಮ ಬದಲಿಸಿದ ಸಭೆಯಲ್ಲೇ ಕೇಳಿಸುತ್ತಿತ್ತು. ನಮ್ಮ ಟ್ರಸ್ಟ್‌ಗಳ ವಿಷಯದಲ್ಲಿ ಇದು ಇನ್ನೂ ಸುಲಭ. ಡೀಡಿನಲ್ಲಿ ಐದು ವರ್ಷ ಅಂತ ಒಂದು ಸಾಲು, ಚೆಕ್ಕಿಗೆ ಮನೆಯವರಲ್ಲದ ಇನ್ನೊಬ್ಬರ ಸಹಿ, ಓಟದ ಅನುಮತಿ ಪತ್ರಗಳೆಲ್ಲ ಒಂದು ಫೈಲಿನಲ್ಲಿ. ಬಿಟ್ಟ ಮೇಲೆ ಒಂದು ಸೀಸನ್ ಪೂರ್ತಿ ಸಭೆಗೆ ಬರದೇ ಇರುವುದು. ಸ್ಟಾರ್ಟಿಂಗ್ ಲೈನ್‌ನಲ್ಲಿ ಮೈಕ್ ಹಿಡಿಯದೇ ಇರುವುದು ಇದರಲ್ಲೇ ಕಷ್ಟದ ಭಾಗ ಅಂತ ಬಿಟ್ಟವರು ಒಪ್ಪಿಕೊಳ್ಳುತ್ತಾರೋ ಇಲ್ಲವೋ, ನೋಡಿದವರಿಗೆ ಗೊತ್ತು.

ಆಮೇಲೆ

ಸಲೆರ್ನೊ ಬಂದ ಮೇಲೂ ನಾನ್ಸಿ ಪೂರ್ತಿ ಹೋಗಲಿಲ್ಲ. ಸ್ಥಾಪಕಿ ಮತ್ತು ಜಾಗತಿಕ ಕಾರ್ಯತಂತ್ರದ ಮುಖ್ಯಸ್ಥೆ ಅನ್ನುವ ಹೆಸರಿನಲ್ಲಿ ಉಳಿದರು. ಮುಂದೆ ಫ್ಲಾರಿಡಾದಲ್ಲಿ ಇನ್ನೊಂದು ಸಂಸ್ಥೆ ಕಟ್ಟುವುದರಲ್ಲಿ ಕೈಜೋಡಿಸಿದರು. ಬಡ ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸಿಗುವ ಹಾಗೆ ಮಾಡುವುದು ಅದರ ಕೆಲಸ. ಆ ಕೆಲಸದಲ್ಲಿ ಅವರಿಗಿದ್ದ ಆಸ್ಥೆಯನ್ನು ಯಾರೂ ಯಾವತ್ತೂ ಪ್ರಶ್ನೆ ಮಾಡಿಲ್ಲ.

ಸಲೆರ್ನೊ 2016ರ ಕೊನೆಗೆ ಬಿಟ್ಟರು. 2017ರಲ್ಲಿ ಬಟ್ಟೆ ಉದ್ಯಮದಿಂದ ಪೌಲಾ ಷ್ನೈಡರ್ ಬಂದರು. ಅವರೂ ಸ್ತನ ಕ್ಯಾನ್ಸರ್ ಗೆದ್ದವರೇ. ಅವರ ಕಾಲದಲ್ಲಿ ಅಮೆರಿಕದ ಅನೇಕ ಊರುಗಳಲ್ಲಿ 'ರೇಸ್ ಫಾರ್ ದ ಕ್ಯೂರ್' ಹೋಗಿ 'ಮೋರ್ ದ್ಯಾನ್ ಪಿಂಕ್' ನಡಿಗೆ ಬಂತು. ಕೋವಿಡ್ ಬಂದ ಮೇಲೆ, 2020ರಲ್ಲಿ, ಬೇರೆ ಬೇರೆ ನೋಂದಣಿಯ ಊರಿನ ಘಟಕಗಳನ್ನೆಲ್ಲ ಒಂದೇ ಸಂಸ್ಥೆಯೊಳಗೆ ಸೇರಿಸುವ ತೀರ್ಮಾನವಾಯಿತು. ಡಾಲಸ್‌ಗೆ ಎದುರು ಮಾತಾಡಿದ್ದ ಕನೆಕ್ಟಿಕಟ್, ಕ್ಯಾಲಿಫೋರ್ನಿಯಾದ ಮಂಡಳಿಗಳು ಈಗ ಇಲ್ಲ. ಹಳೆಯ ಹೆಸರಿನ ಓಟ ಈಗಲೂ ದೊಡ್ಡದಾಗಿ ನಡೆಯುವುದು ರೋಮ್‌ನಲ್ಲಿ, ಪ್ರತಿ ಮೇ ತಿಂಗಳು ಸರ್ಕಸ್ ಮ್ಯಾಕ್ಸಿಮಸ್ ಮೈದಾನದಲ್ಲಿ. ಅದನ್ನು ನಡೆಸುವ ಇಟಲಿಯ ಸಂಸ್ಥೆಗೆ ಅದರದ್ದೇ ಮಂಡಳಿ ಇದೆ.